ಯಾಜಕಕಾಂಡದಲ್ಲಿ ನಿಲ್ಲುವ ಓದು

ಹೊರನಾಡಿನಲ್ಲಿ ಕನ್ನಡ ಕ್ರೈಸ್ತರು ಸಿಕ್ಕಿದ ಸಭೆಗೆ (ಚರ್ಚಿಗೆ) ಹೋಗುತ್ತೇವೆ. ಹಾಗಾಗಿ ಓದು, ಪ್ರಾರ್ಥನೆ, ಉಪವಾಸದಂಥ ಒಂದೇ ಸಾಧನೆಯನ್ನು ಮೂರು ನಾಲ್ಕು ಬಗೆಯಲ್ಲಿ ಮಾಡುವುದು ಕಣ್ಣಿಗೆ ಬೀಳುತ್ತದೆ. ಒಂದು ಕಡೆ ವರ್ಷಕ್ಕೊಮ್ಮೆ ಇಡೀ ಸತ್ಯವೇದ (ಬೈಬಲ್), ಇನ್ನೊಂದು ಕಡೆ ದಿನಕ್ಕೆ ಹತ್ತು ವಚನ. ಹೊಸಬರಿಗೆ ಮೊದಲನೆಯದನ್ನು ಕೊಡುವುದು ತಪ್ಪು ಎಂದೇ ನನ್ನ ಅನಿಸಿಕೆ.

ಲೆಕ್ಕ ನೋಡಿ. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ 1189 ಅಧ್ಯಾಯ. ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು. ಜನವರಿ 1ಕ್ಕೆ ಮೊದಲ ಪುಸ್ತಕ ಆದಿಕಾಂಡ ಹಿಡಿದವರು ತಿಂಗಳ ಕೊನೆಯ ಹೊತ್ತಿಗೆ ಮೂರನೆಯದಾದ ಯಾಜಕಕಾಂಡಕ್ಕೆ ಬಂದಿರುತ್ತಾರೆ. ಬಲಿಗಳ ವಿಧಿ, ಕುಷ್ಠದ ಲಕ್ಷಣ. ಅಲ್ಲಿ ನಾಲ್ಕು ದಿನ ತಪ್ಪಿದರೆ 13 ಅಧ್ಯಾಯ ಬಾಕಿ. ಬಾಕಿ ತೀರಿಸುವ ಓದಿನಲ್ಲಿ ಪ್ರಾರ್ಥನೆಗೆ ಜಾಗ ಎಲ್ಲಿ? ಒಬ್ಬ ಓದುಗನಿಗೆ ಇಡೀ ಗ್ರಂಥದ ಪರಿಚಯ ಬೇಕು, ನಿಜ. ಅದಕ್ಕೆ ಎರಡು ಮೂರು ವರ್ಷ ತೆಗೆದುಕೊಂಡರೆ ಯಾರೂ ಬೈಯುವುದಿಲ್ಲ.

ಮಠಗಳಿಂದ ಬಂದ ಲೆಕ್ಸಿಯೊ ದಿವೀನಾ, ಅಂದರೆ ಪ್ರಾರ್ಥನೆಯಾಗಿ ಮೆಲ್ಲಗೆ ಓದುವ ಕ್ರಮ, ಬೇರೆ ದಾರಿ. 12ನೇ ಶತಮಾನದ ಸನ್ಯಾಸಿ ಎರಡನೇ ಗೀಗೊ ಅದನ್ನು ನಾಲ್ಕು ಮೆಟ್ಟಿಲಾಗಿ ಹೇಳಿದ: ಓದು, ಮನನ, ಪ್ರಾರ್ಥನೆ, ಮೌನ ಧ್ಯಾನ. ಇಪ್ಪತ್ತು ನಿಮಿಷ ಸಾಕು. ಆರರಿಂದ ಹತ್ತು ವಚನ ಆರಿಸಿ, ಮೆಲ್ಲಗೆ ಬಾಯಿಬಿಟ್ಟು ಮೂರು ಸಲ ಓದಿ. ಕೊಕ್ಕೆಯಂತೆ ಸಿಕ್ಕಿದ ಒಂದು ಮಾತಿನ ಹತ್ತಿರ ನಿಲ್ಲಿ, ಅದನ್ನೇ ದೇವರಿಗೆ ತಿರುಗಿ ಹೇಳಿ, ಆಮೇಲೆ ಸುಮ್ಮನಿರಿ. ಇದು ಕೆಡುವುದೂ ಉಂಟು: ಹಿಂದುಮುಂದಿನ ಸಂದರ್ಭ ಬಿಟ್ಟು ಬೇಕಾದ ಅರ್ಥ ಹಚ್ಚಿಕೊಳ್ಳುತ್ತೇವೆ. ಮೊದಲು ಇಡೀ ಅಧ್ಯಾಯವನ್ನು ಒಮ್ಮೆ ಓದಿಕೊಂಡರೆ ಆ ಅಪಾಯ ತಗ್ಗುತ್ತದೆ.

ಸತ್ಯವೇದದ ಕೀರ್ತನೆಗಳಿಗೆ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಕ್ರಮವೇ ನನಗೆ ಇಷ್ಟ. ಸಂತ ಬೆನೆಡಿಕ್ಟನ ನಿಯಮ ಪಾಲಿಸುವ ಮಠಗಳು 150 ಕೀರ್ತನೆಗಳನ್ನು ವಾರದಲ್ಲಿ ಮುಗಿಸುತ್ತಿದ್ದವು. 1549ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ಅದನ್ನು ಬೆಳಗು ಸಂಜೆಗೆ ಹಂಚಿ ತಿಂಗಳಿಗೆ ಇಳಿಸಿತು. ಒಂದು ದಿನ ತಪ್ಪಿದರೆ ಹಿಂದಕ್ಕೆ ಹೋಗಬೇಡಿ, ಇವತ್ತಿನ ತಾರೀಖಿನದು ಹಿಡಿಯಿರಿ. ಬಿಟ್ಟದ್ದು ಮುಂದಿನ ತಿಂಗಳು ಬಂದೇ ಬರುತ್ತದೆ.

ಸಭೆಯ ಭಾಷೆ ಯಾವುದೇ ಇರಲಿ, ಒಬ್ಬರೇ ಕೂತಾಗ ಕನ್ನಡ ಇರಲಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ನಮ್ಮಲ್ಲಿ ದೇವರನ್ನು 'ನಿನ್ನ' ಎಂದು ಕರೆಯುತ್ತದೆ. ಆ ಏಕವಚನದ ಸಲಿಗೆ ಇಂದಿನ ಇಂಗ್ಲಿಷಿನಲ್ಲಿ ಸಿಗುವುದಿಲ್ಲ.

ರಾತ್ರಿಯ ಆತ್ಮಶೋಧನೆಗೆ ಜೆಸ್ವಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲನ ಐದು ಹೆಜ್ಜೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಯ ನಿಶ್ಚಯ. ನಮ್ಮ ಪ್ರಾರ್ಥನಾಕೂಟಗಳಲ್ಲಿ ನೇರ ಕ್ಷಮೆಗೇ ಹೋಗುವ ಅಭ್ಯಾಸ. ಮೊದಲ ಹೆಜ್ಜೆ ಬಿಟ್ಟರೆ ಇದು ತನ್ನನ್ನೇ ಹಳಿದುಕೊಳ್ಳುವ ಕೆಲಸವಾಗಿ, ಎರಡು ವಾರದಲ್ಲಿ ನಿಲ್ಲುತ್ತದೆ.

ಉಪವಾಸದಲ್ಲಿ ಅವಸರ ಬೇಡ. ಆದಿಸಭೆಯ ಬೋಧನೆಯ ಪುಸ್ತಕ ದಿದಾಖೆ ಬುಧವಾರ, ಶುಕ್ರವಾರ ಎನ್ನುತ್ತದೆ. ಹೊಸಬರಿಗೆ ವಾರಕ್ಕೊಂದು ಹೊತ್ತಿನ ಊಟ ಬಿಟ್ಟರೆ ಸಾಕು. ನೀರು ಬಿಡಬೇಡಿ. ದಿನವೂ ಕಾಫಿ ಕುಡಿಯುವವರು ಎರಡು ಮೂರು ದಿನ ಮೊದಲೇ ಅಳತೆ ಇಳಿಸದಿದ್ದರೆ ತಲೆನೋವೇ ಪ್ರಾರ್ಥನೆಯ ವಿಷಯವಾಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಗರ್ಭಿಣಿಯರಿಗೆ ಊಟದ ಬದಲು ಫೋನು ಬಿಡುವ ಉಪವಾಸ ಆಗಬಹುದು. ಬಿಟ್ಟ ಊಟದ ಹೊತ್ತು ಪ್ರಾರ್ಥನೆಗೆ, ಉಳಿದ ಹಣ ಹಸಿದವರಿಗೆ. ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಕೇಳುವುದು ಅದನ್ನೇ.