ಐದು ರೂಪಾಯಿ ಜಾಸ್ತಿ ಆಯ್ತು ಅಂತ ಜಗಳ ಬೇಡ

ಭಾನುವಾರ ಬೆಳಿಗ್ಗೆ ಹಳೇ ದಾವಣಗೆರೆಯ ನಮ್ಮ ಮಾಮೂಲಿ ಹೋಟೆಲಿಗೆ ಹೋಗಿದ್ದೆ. ಎಂದಿನಂತೆ ಜಾಗ ಇರಲಿಲ್ಲ. ತಿನ್ನುವವರ ಬೆನ್ನ ಹಿಂದೆ ಇಪ್ಪತ್ತು ನಿಮಿಷ ನಿಂತ ಮೇಲೆ ಗೋಡೆ ಪಕ್ಕದ ಬೆಂಚಿನಲ್ಲಿ ಕೂರಲು ಸಿಕ್ಕಿತು. ಎದುರಿಗಿದ್ದವರು ಎರಡು ಬೆಣ್ಣೆ ದೋಸೆ, ಮೇಲೊಂದು ಖಾಲಿ ದೋಸೆ ತಿಂದರು. ಕೈ ತೊಳೆದು ಗಲ್ಲಾ ಹತ್ತಿರ ಹೋದವರೇ ಜೋರು ಮಾಡಿದರು. "ಹೋದ ತಿಂಗಳು ಇಷ್ಟಿರಲಿಲ್ಲವಲ್ರೀ, ಐದು ರೂಪಾಯಿ ಏರಿಸಿದ್ದೀರಾ?" ಗಲ್ಲಾದಲ್ಲಿದ್ದ ಹಿರಿಯರು "ಬೆಣ್ಣೆ ರೇಟು ಏರೈತ್ರೀ" ಅಂದರು, ಅಷ್ಟೇ. ನನಗೆ ಬಹಳ ಬೇಜಾರಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಹೋಟೆಲಿಗೆ ಮೊದಲು ಬಂದಿದ್ದು ಅಪ್ಪನ ಜೊತೆ. ನಮ್ಮದು ಜಗಳೂರು ಕಡೆ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಮಂಡಿಯಲ್ಲಿ ಶೇಂಗಾ ಮಾರಿ ದುಡ್ಡು ಎಣಿಸಿಕೊಂಡ ಮೇಲೆ ಅಪ್ಪ ಸೀದಾ ಇಲ್ಲಿಗೇ ಬರುತ್ತಿದ್ದರು. ನನಗೆ ಬೆಣ್ಣೆ ದೋಸೆ, ಅವರಿಗೆ ಖಾಲಿ ದೋಸೆ. ರೇಟು ಸಿಗದ ವರ್ಷ ಒಂದೇ ದೋಸೆ ತರಿಸಿ, "ನಂಗೆ ಹಸಿವಿಲ್ಲ ತಮ್ಮಾ, ನೀ ತಿನ್ನು" ಅನ್ನುತ್ತಿದ್ದರು. ಅಪ್ಪ ಸುಳ್ಳು ಹೇಳುತ್ತಿದ್ದರು ಅಂತ ಗೊತ್ತಾಗಲು ನಾನೇ ಅಪ್ಪನಾಗಬೇಕಾಯಿತು.

ಅವತ್ತಿನಿಂದ ಇವತ್ತಿನವರೆಗೂ ಇಲ್ಲಿ ಕಟ್ಟಿಗೆ ಒಲೆಯೇ. ಒಮ್ಮೆ ಅದರ ಹತ್ತಿರ ಹೋಗಿ ನಿಂತು ನೋಡಿ. ದಪ್ಪ ಹಂಚು, ಕೆಳಗೆ ನಿಗಿನಿಗಿ ಕೆಂಡ. ಕಾವು ಜಾಸ್ತಿ ಆದರೆ ಕಟ್ಟಿಗೆ ಎಳೆಯಬೇಕು, ಕಮ್ಮಿ ಆದರೆ ಒಳಗೆ ನೂಕಬೇಕು. ಗ್ಯಾಸಿನ ಹಾಗೆ ತಿರುಗಿಸಲು ಕಿವಿ ಇಲ್ಲ. ನೀರು ಚಿಮುಕಿಸಿ, ಅದು ಚುರ್ ಅನ್ನುವ ಸದ್ದಿನಲ್ಲೇ ಹದ ನೋಡುತ್ತಾರೆ. ಅಕ್ಕಿ, ಉದ್ದಿನ ಜೊತೆ ನೆನೆಸಿದ ಮಂಡಕ್ಕಿಯನ್ನೂ ರುಬ್ಬಿದ ಹಿಟ್ಟು. ಅದಕ್ಕೇ ದೋಸೆ ಮೇಲೆ ಗರಿಗರಿ, ಒಳಗೆ ಹತ್ತಿಯಂತೆ ಮೆತ್ತಗೆ. ಒಂದು ಸಲಕ್ಕೆ ಹಂಚಿನಲ್ಲಿ ಹಿಡಿಸುವಷ್ಟೇ ದೋಸೆ. ಅವು ಬೇಯುವವರೆಗೆ ಕಾಯಲೇಬೇಕು. ಬೆಂಗಳೂರಿನಿಂದ ಬಂದವರು "ಯಾಕಿಷ್ಟು ಲೇಟು, ಸಾಂಬಾರ್ ಇಲ್ವಾ, ಎಸಿ ಹಾಕಿಸಬಾರದಾ" ಅಂತ ಕೇಳುತ್ತಾರೆ. ಈ ದೋಸೆಗೆ ಬಿಳೀ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಸಾಕು. ಸಾಂಬಾರ್ ಸುರಿದರೆ ಬೆಣ್ಣೆಯ ಘಮ ಎಲ್ಲಿ ಉಳಿಯುತ್ತೆ?

ಊರಲ್ಲೇ ಇನ್ನೊಂದು ಹಳೇ ಹೋಟೆಲು ಇಂಥ ಮಾತು ಕೇಳಿ ಕೇಳಿ ಗ್ಯಾಸ್ ಹಾಕಿಸಿತು, ಸಾಂಬಾರೂ ಇಟ್ಟಿತು. ಹೆಸರು ಬೇಡ. ಎರಡು ಸಲ ಹೋದೆ, ಮತ್ತೆ ಹೋಗಲಿಲ್ಲ.

ಬದಲಾವಣೆಯೇ ಬೇಡ ಅನ್ನುವವನು ನಾನಲ್ಲ. ಈ ದೋಸೆಯೇ ಬದಲಾಗಿ ಬಂದದ್ದು. 1928ರಲ್ಲಿ ಬೆಳಗಾವಿ ಸೀಮೆಯ ಬಿಡಕಿಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಇಲ್ಲಿ ನಾಟಕದ ಥಿಯೇಟರ್ ಹತ್ತಿರ ಮಾರುತ್ತಿದ್ದದ್ದು ರಾಗಿ ದೋಸೆ. ಅಕ್ಕಿ, ಬೆಣ್ಣೆ ಬಂದದ್ದು ಹತ್ತು ವರ್ಷದ ಮೇಲೆ, ಅವರ ಮಕ್ಕಳ ಕೈಯಲ್ಲಿ. ಬದಲಾಯಿಸಿದವರು ದೋಸೆ ಹುಯ್ಯುವವರೇ. ತಿನ್ನುವವರು ಒತ್ತಾಯ ಮಾಡಿ ಬದಲಾಯಿಸಿದ್ದಲ್ಲ.

ಹಳೇ ಹೋಟೆಲು ಮುಚ್ಚಿದಾಗ ನಾವೆಲ್ಲ ಫೋಟೋ ಹಾಕಿ ಅಳುತ್ತೇವೆ. ನೂರಾರು ಜನ ಕಾಮೆಂಟ್ ಮಾಡುತ್ತಾರೆ. ಆದರೆ ತೆರೆದಿದ್ದಾಗ ಐದು ರೂಪಾಯಿಗೆ ಜಗಳ ಆಡಿದವರೂ ನಾವೇ ಅಲ್ವಾ? ಮಾಲ್‌ನಲ್ಲಿ ಒಂದು ಕಾಫಿಗೆ ಇನ್ನೂರು ಕೊಟ್ಟು ಸುಮ್ನೆ ಬರುತ್ತೇವೆ. ಇಲ್ಲಿ ಒಲೆ ಮುಂದೆ ನಿಂತವರ ಕಣ್ಣು ಹೊಗೆಗೆ ಕೆಂಪಾಗಿರುತ್ತೆ, ಮೊಣಕೈವರೆಗೆ ಸುಟ್ಟ ಗುರುತು. ಆ ಕೆಲಸಕ್ಕೆ ಹುಡುಗರು ಬರುತ್ತಿಲ್ಲ. ಬರಬೇಕಾದರೆ ಸಂಬಳ ಕೊಡಬೇಕು. ಸಂಬಳ ಎಲ್ಲಿಂದ ಬರಬೇಕು?

ದುಡ್ಡು ಕೊಡುವಾಗ ಆ ಹಿರಿಯರನ್ನು ಕೇಳಿದೆ, "ನಿಮ್ಮ ನಂತರ ಯಾರು ಯಜಮಾನ್ರೇ?" ಅವರು ಚಿಲ್ಲರೆ ಎಣಿಸುತ್ತಾ, "ಮಗ ಬೆಂಗ್ಳೂರಾಗ ಅದಾನ್ರೀ, ಬರ್ತೀನಿ ಅಂತಾನ, ನೋಡ್ಬೇಕು" ಅಂದರು. ನನ್ನ ಹಿಂದೆ ಬಾಗಿಲಾಚೆವರೆಗೂ ಜನ ನಿಂತಿದ್ದರು.