ಮೊಣಗಂಟು ಶಿಬಿರಕ್ಕೆ 42 ಮೆಟ್ಟಿಲು

ನಮ್ಮ ಫ್ಲ್ಯಾಟಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಪೋಸ್ಟರಿನಲ್ಲಿ ಒಟ್ಟು 19 ಮುಖಗಳಿದ್ದವು, ಒಂದು ಮೊಣಗಂಟು ಇತ್ತು. ಮುಖಗಳೆಲ್ಲ ನಗುತ್ತಿದ್ದವು. ಮೊಣಗಂಟು ಮಾತ್ರ ಕೆಂಪಗೆ ಉರಿಯುತ್ತಿತ್ತು. "ಶಸ್ತ್ರಚಿಕಿತ್ಸೆ ಇಲ್ಲದೆ ಮೊಣಗಂಟು ನೋವಿಗೆ ಶಾಶ್ವತ ಮುಕ್ತಿ, ಉಚಿತ ಬೃಹತ್ ಶಿಬಿರ" ಎಂದು ದಪ್ಪಕ್ಷರದಲ್ಲಿ ಬರೆದು, ತೀರಾ ಕೆಳಗೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಕ್ಷರದಲ್ಲಿ ಸ್ಥಳ ಹಾಕಿದ್ದರು: ಎರಡನೇ ಮಹಡಿ.

ಮೆಟ್ಟಿಲು 42. ಎಣಿಸಿದ್ದೇನೆ. ಗಂಟು ನೋವು ಶುರುವಾದ ಮೇಲೆ ಮನುಷ್ಯ ಬೇರೆ ಏನನ್ನು ಮರೆತರೂ ಮೆಟ್ಟಿಲು ಎಣಿಸುವುದನ್ನು ಮರೆಯುವುದಿಲ್ಲ. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲವೇ? ಇತ್ತು ಮಾರಾಯ್ರೇ. ಅದರ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಅಡ್ಡ ಇಟ್ಟು, "ಗಣ್ಯರಿಗೆ ಮಾತ್ರ" ಎಂಬ ಚೀಟಿ ಅಂಟಿಸಿದ್ದರು. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಹತ್ತಿ ಇಳಿಯುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯೂ ಮೆಟ್ಟಿಲು ಹತ್ತಲಾಗದೆ ಕೆಳಗೇ ಕೂತಿರಬೇಕು.

ಮೊದಲ ತಿರುವಿನಲ್ಲಿ ಶೆಟ್ರು ಗೋಡೆಗೆ ಆನಿಸಿ ನಿಂತಿದ್ದರು.

"ಎಂತ ಶೆಟ್ರೇ, ಸುಸ್ತಾ?"

"ಸುಸ್ತಲ್ಲ, ಇದು ಎಂಟ್ರೆನ್ಸ್ ಪರೀಕ್ಷೆ. ಮೆಡಿಕಲ್ ಕಾಲೇಜುಗಳ ಊರಲ್ವಾ ನಮ್ಮ ಮಂಗಳೂರು. ರೋಗ ಇದ್ದವ ಮೇಲೆ ಮುಟ್ಟುವುದಿಲ್ಲ, ಮೇಲೆ ಮುಟ್ಟಿದವನಿಗೆ ರೋಗ ಇಲ್ಲ. ಶಿಬಿರ ನೂರಕ್ಕೆ ನೂರು ಯಶಸ್ವಿ."

ಒಂದು ಮಾತು ಮಾತ್ರ ಒಪ್ಪಲೇಬೇಕು. ಸೌಹಾರ್ದ ಸಭೆಗೆ ಕರೆದರೆ ಕಾಲು ಎಳೆಯುವ ನಮ್ಮ ಜಿಲ್ಲೆಯ ಜನ ಆ ಮೆಟ್ಟಿಲ ಮೇಲೆ ಒಟ್ಟಾಗಿ ಕಾಲು ಎಳೆಯುತ್ತಿದ್ದರು. ಇಗರ್ಜಿಯಲ್ಲಿ ಮೊಣಕಾಲೂರಲಾಗದೆ ಎರಡು ವರ್ಷದಿಂದ ದೇವರಿಗೆ ಬೆಂಚಿನಿಂದಲೇ ಕೈಮುಗಿಯುವ ಗ್ರೇಸಿ ಬಾಯಿ, ಕುರ್ಚಿಯಲ್ಲಿ ಕೂತು ನಮಾಜು ಮಾಡುವ ಬಂದರಿನ ಬ್ಯಾರಿ ಸಾಹೇಬ್ರು, ಅಡ್ಡಬಿದ್ದರೆ ಏಳಿಸಲು ಇಬ್ಬರು ಬೇಕಾಗುವ ಭಟ್ರು, ಎಲ್ಲರೂ ಒಂದೇ ಕಂಬಿ ಹಿಡಿದುಕೊಂಡು "ನೀವು ಮೊದ್ಲು ಹೋಗಿ", "ಇಲ್ಲ, ನೀವು ಮೊದ್ಲು" ಎನ್ನುತ್ತಿದ್ದರು.

ಮೇಲೆ ತಲುಪಿ ಕುರ್ಚಿಯಲ್ಲಿ ಕೂತೆವು ಎನ್ನುವಷ್ಟರಲ್ಲಿ "ಅತಿಥಿಗಳು ಆಗಮಿಸುತ್ತಿದ್ದಾರೆ, ದಯವಿಟ್ಟು ಎದ್ದು ನಿಲ್ಲಿ" ಎಂಬ ಘೋಷಣೆ. ಲಿಫ್ಟಿನಿಂದ ಅತಿಥಿಗಳು ಇಳಿದರು. ಕೂತೆವು. ಪ್ರಾರ್ಥನೆಗೆ ಎದ್ದೆವು. ಕೂತೆವು. ದೀಪಕ್ಕೆ ಎದ್ದೆವು, ನಾಡಗೀತೆಗೆ ಎದ್ದೆವು. ಅಗಲಿದ ಮಾಜಿ ಅಧ್ಯಕ್ಷರಿಗಾಗಿ ಒಂದು ನಿಮಿಷ ಮೌನ. ಆ ಒಂದು ನಿಮಿಷದಲ್ಲಿ ಸಭಾಂಗಣದಲ್ಲಿ ಕೇಳಿದ್ದು ಗಂಟುಗಳ ಕಟಕಟ ಸದ್ದು ಮಾತ್ರ. ತಡವಾಗಿ ಬಂದ ಅತಿಥಿಯೊಬ್ಬರಿಗೆ ಪುನಃ ಎದ್ದೆವು, ಬೇಗ ಹೊರಟ ಅತಿಥಿಯೊಬ್ಬರಿಗೆ ಇನ್ನೊಮ್ಮೆ. ಕೊನೆಗೆ ರಾಷ್ಟ್ರಗೀತೆ. ಒಟ್ಟು ಎಂಟು ಸಲ. ನಡುವೆ ಉದ್ಘಾಟಕರು "ನಮ್ಮ ಹಿರಿಯರು ಮೈಲುಗಟ್ಟಲೆ ನಡೆಯುತ್ತಿದ್ದರು, ಈಗಿನವರಿಗೆ ನಾಲ್ಕು ಮೆಟ್ಟಿಲು ಹತ್ತಲಿಕ್ಕೆ ಉದಾಸೀನ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು. ಅವರು ನಾಲ್ಕನ್ನೂ ಹತ್ತಿರಲಿಲ್ಲ.

ಆಮೇಲೆ ಮಳಿಗೆಗಳು ತೆರೆದವು. ಮೊದಲನೆಯದು ಎಕ್ಸ್‌ರೇ ನೋಡುವ ಟೇಬಲ್. ನನ್ನ ಚಿತ್ರವನ್ನು ಬೆಳಕಿಗೆ ಹಿಡಿದ ಯುವಕ "ಗ್ಯಾಪ್ ಇಲ್ಲ ಸರ್" ಎಂದ. ನನಗೆ ಆಶ್ಚರ್ಯವಾಗಲಿಲ್ಲ. ನಾನು ಬ್ಯಾಂಕಿನಲ್ಲಿದ್ದವ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾದೊಳಗೆ ಸೇರಿದ್ದನ್ನೂ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿದ್ದನ್ನೂ ಕಣ್ಣಾರೆ ಕಂಡವ. ಈಗ ತೊಡೆಯ ಎಲುಬು, ಕೆಳಗಾಲಿನ ಎಲುಬುಗಳದ್ದೂ ವಿಲೀನ. ನಡುವೆ ಇದ್ದ ಮೆತ್ತನೆ ಮೃದ್ವಸ್ಥಿ ವಿಆರ್‌ಎಸ್ ತೆಗೆದುಕೊಂಡು ಹೋಗಿದೆ.

ನಿಜ ಹೇಳಬೇಕೆಂದರೆ ಆ ಟೇಬಲ್ಲಿನ ಅಗತ್ಯವೇ ಇರಲಿಲ್ಲ. 45 ದಾಟಿದವರಿಗೆ ನಡೆದಾಡುವಾಗ ಗಂಟು ನೋಯುತ್ತಿದ್ದರೆ, ಬೆಳಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟರೆ, ಅದು ಸವೆತವೇ ಎಂದು ಹೇಳಲು ಸಾಮಾನ್ಯವಾಗಿ ಎಕ್ಸ್‌ರೇ ಬೇಡ ಎಂದು ಬ್ರಿಟನ್ನಿನ ವೈದ್ಯಕೀಯ ಸಲಹಾ ಸಂಸ್ಥೆ ನೈಸ್ 2022ರ ಮಾರ್ಗಸೂಚಿಯಲ್ಲೇ ಹೇಳಿದೆ. ಆದರೆ ನಮ್ಮಲ್ಲಿ ಫೋಟೊ ಇಲ್ಲದ ನೋವಿಗೆ ಮರ್ಯಾದೆ ಉಂಟಾ? ಆಲ್ಬಂ ಇಲ್ಲದ ಮದುವೆಯ ಹಾಗೆ.

ಎರಡನೇ ಮಳಿಗೆಯಲ್ಲಿ "ಗ್ರೀಸ್ ಇಂಜೆಕ್ಷನ್". ಹಯಲುರಾನಿಕ್ ಆ್ಯಸಿಡ್ ಎಂಬುದು ಅದರ ಸರಿಯಾದ ಹೆಸರು, ಆದರೆ ಹೆಸರಿಗೆ ಜನ ಸಾಲು ನಿಲ್ಲುವುದಿಲ್ಲ, ಗ್ರೀಸಿಗೆ ನಿಲ್ಲುತ್ತಾರೆ. "ಗಾಡಿ ಸರ್ವಿಸ್ ಮಾಡಿಸ್ತೀರಲ್ಲ ಬಾಯಿ, ಹಾಗೇ ಇದು" ಎಂದ ಹುಡುಗ. "ನನ್ನ ಗಾಡಿ 1956ರದ್ದು ಮಗಾ, ಅದಕ್ಕೆ ಪಾರ್ಟ್ಸ್ ಸಿಗ್ತದಾ?" ಎಂದು ಗ್ರೇಸಿ ಬಾಯಿ ಕೇಳಿದರು. ಬೆಲೆ ಕೇಳಿದ್ದಕ್ಕೆ ಪ್ಯಾಕೇಜ್ ಉಂಟು ಎಂದ. ನೈಸ್‌ನ ಅದೇ ಮಾರ್ಗಸೂಚಿ ಈ ಗ್ರೀಸನ್ನು ಕೊಡಬೇಡಿ ಎಂದಿರುವುದು ಹುಡುಗನ ಪ್ಯಾಕೇಜಿನಲ್ಲಿ ಇರಲಿಲ್ಲ. ಪಕ್ಕದಲ್ಲೇ ಸ್ಟೆರಾಯ್ಡ್ ಚುಚ್ಚುವವರು. ಅದು ಕೆಲವು ವಾರ ನೋವು ತಗ್ಗಿಸುವುದು ಸುಳ್ಳಲ್ಲ. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಚುಚ್ಚಿ ನೋಡಿದ ಅಮೆರಿಕದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂದಾಗ, ಬರೀ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ಇವರ ಮೃದ್ವಸ್ಥಿಯೇ ಹೆಚ್ಚು ಸವೆದಿತ್ತು; ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ.

ಮೂರನೆಯವರು ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಅದರ ಪ್ಲೇಟ್‌ಲೆಟ್ ಭಾಗವನ್ನು ನಮ್ಮದೇ ಗಂಟಿಗೆ ಚುಚ್ಚುವವರು. ಪಿಆರ್‌ಪಿ. ನನಗೆ ತವರಿಗೆ ಬಂದ ಹಾಗಾಯಿತು. ಗಿರಾಕಿಯ ಎಫ್‌ಡಿ ಮೇಲೆ ಗಿರಾಕಿಗೇ ಸಾಲ ಕೊಟ್ಟು ಬಡ್ಡಿ ತೆಗೆದುಕೊಳ್ಳುವುದನ್ನು ಮೂವತ್ತು ವರ್ಷ ಮಾಡಿದ್ದೇನೆ. ಆಸ್ಟ್ರೇಲಿಯಾದಲ್ಲಿ 288 ಜನರಲ್ಲಿ ಅರ್ಧದಷ್ಟು ಮಂದಿಗೆ ಇದನ್ನೂ ಉಳಿದವರಿಗೆ ಉಪ್ಪುನೀರನ್ನೂ ಚುಚ್ಚಿ ಒಂದು ವರ್ಷ ಕಾದು ನೋಡಿದರು. ನೋವಿನಲ್ಲೂ ಮೃದ್ವಸ್ಥಿಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ ಎಂದು 2021ರಲ್ಲಿ ಬರೆದರು. ಇದನ್ನು ಹೇಳಿದಾಗ ಶೆಟ್ರು ಮಳಿಗೆಯವನ ಎದುರೇ, "ಉಪ್ಪುನೀರು ಸಾಕಾದ್ರೆ ಪಣಂಬೂರು ಕಡಲಲ್ಲಿ ಬೇಕಾದಷ್ಟು ಉಂಟಲ್ಲ, ಅದಕ್ಕೆ ಎರಡನೇ ಮಾಳಿಗೆ ಯಾಕೆ ಹತ್ತಬೇಕಿತ್ತು?" ಎಂದುಬಿಟ್ಟರು.

ಗಂಟು ನೋವಿಗೆಂದು ನುಂಗುವ ಗ್ಲುಕೋಸಮೈನ್ ಗುಳಿಗೆಯ ಮಳಿಗೆಯಲ್ಲಿ ಮಾತ್ರ ಸಣ್ಣದೊಂದು ದುರಂತ ನಡೆಯಿತು. ಡಬ್ಬಿಯ ಹಿಂದಿನ ಸಣ್ಣಕ್ಷರ ಓದುವುದು ನನ್ನ ಹಳೇ ಚಾಳಿ. "ಸಿಗಡಿ, ಏಡಿಯ ಚಿಪ್ಪಿನಿಂದ ತಯಾರಿಸಿದ್ದು" ಎಂದು ಗಟ್ಟಿಯಾಗಿ ಓದಿದೆ. ಹಿಂದಿನಿಂದ "ಏನು?" ಎಂಬ ಧ್ವನಿ. ಭಟ್ರು. ಎರಡು ವರ್ಷದಿಂದ ಊಟದ ನಂತರ ದಿನಾ ಎರಡು ನುಂಗುತ್ತಿದ್ದಾರೆ. ಗ್ರೇಸಿ ಬಾಯಿಗೆ ಬೇರೆಯೇ ಸಂಕಟ: "ಅಯ್ಯೋ ದೇವಾ, ಇಷ್ಟು ವರ್ಷ ಚಿಪ್ಪು ಬಿಸಾಡಿದ್ದಲ್ಲ ನಾನು!" 2006ರಲ್ಲಿ ಅಮೆರಿಕದಲ್ಲಿ 1,583 ಜನರ ಮೇಲೆ ಪರೀಕ್ಷೆ ನಡೆಸಿದಾಗ ಒಟ್ಟಾರೆ ಲೆಕ್ಕದಲ್ಲಿ ಇದು ಹುಸಿ ಮಾತ್ರೆಗಿಂತ ಮೇಲೇನೂ ಅಲ್ಲ ಎಂದಾಯಿತು ಎಂದು ನಾನು ಸಮಾಧಾನ ಹೇಳಿದೆ. ಭಟ್ರ ಮುಖ ಸ್ವಲ್ಪ ಅರಳಿತು. "ಹಾಗಾದ್ರೆ ಏನೂ ಪರಿಣಾಮ ಆಗಿಲ್ಲ ಅಂತಾಯ್ತಲ್ಲ. ಮೈಲಿಗೆಯೂ ಆಗಿರ್ಲಿಕ್ಕಿಲ್ಲ."

ಆ ಸಮಾಧಾನದಲ್ಲೇ ಅವರು ಜಾನು ಬಸ್ತಿಯ ಕಡೆ ನಡೆದರು. ಉದ್ದಿನ ಹಿಟ್ಟು ಕಲಸಿ, ಮೊಣಗಂಟಿನ ಮೇಲೆ ಬಳೆಯ ಹಾಗೆ ಕಟ್ಟಿ, ನಡುವಿನ ಗುಂಡಿಗೆ ಬಿಸಿ ತೈಲ ಹೊಯ್ಯುವುದು. ಉಡುಪಿಯ ಭಟ್ರು ಅದನ್ನು ಎಷ್ಟೋ ಹೊತ್ತು ನೋಡಿ, "ಎಲ್ಲ ಸರಿ, ಎಣ್ಣೆ ವಡೆಯ ಹೊರಗೆ ಇರಬೇಕಲ್ಲ?" ಎಂದರು. ಬಿಸಿ ತಾಗಿದರೆ ಹಿತವಾಗುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ಅರ್ಧ ಗಂಟೆ ಯಾರೂ ನಮ್ಮನ್ನು ಎಬ್ಬಿಸುವುದಿಲ್ಲ ಎಂಬುದೇ ಆ ದಿನ ದೊಡ್ಡ ಚಿಕಿತ್ಸೆ.

ಇಷ್ಟೂ ಕಡೆ ಸಾಲು ಬಾಗಿಲವರೆಗೆ. ಸಾಲೇ ಇಲ್ಲದ ಟೇಬಲ್ಲು ಒಂದಿತ್ತು, ಶೌಚಾಲಯದ ದಾರಿಯಲ್ಲಿ. ಅಲ್ಲಿ ಫಿಸಿಯೋಥೆರಪಿ ಹುಡುಗಿಯೊಬ್ಬಳು ಒಂದು ಬೈರಾಸು, ಅಂದರೆ ಟವೆಲ್, ಮಡಚಿ ಇಟ್ಟುಕೊಂಡು ಕೂತಿದ್ದಳು. ಜನ ಅವಳ ಹತ್ತಿರ ಬಂದು ಶೌಚಾಲಯ ಎಲ್ಲಿ ಎಂದು ಕೇಳುತ್ತಿದ್ದರು. ನಾನೂ ಅದಕ್ಕೇ ಹೋದವ, ಪಾಪ ಎನಿಸಿ ಕೂತೆ.

"ಅಂಕಲ್, ಗಂಟಿನ ಅಡಿಗೆ ಬೈರಾಸು ಸುತ್ತಿ ಇಡಿ. ಒತ್ತಿ ಹಿಡೀರಿ, ಐದು ಎಣಿಸಿ ಬಿಡಿ. ತೊಡೆ ಗಟ್ಟಿಯಾದ್ರೆ ಗಂಟಿನ ಭಾರ ಅದು ಹೊರ್ತದೆ. ಆರೆಂಟು ವಾರ ಬಿಡದೆ ಮಾಡ್ಬೇಕು."

"ಮಾತ್ರೆ?"

"ನೋವು ಜಾಸ್ತಿ ಇದ್ರೆ ಹಚ್ಚುವ ಜೆಲ್ ಸಾಕಾಗ್ತದೆ ಹೆಚ್ಚಿನವರಿಗೆ. ಗುಳಿಗೆ ಬೇಕಾದ್ರೆ ಡಾಕ್ಟ್ರನ್ನು ಕೇಳಿ, ಹೊಟ್ಟೆ, ಕಿಡ್ನಿ ನೋಡ್ಕೊಂಡು ಕೊಡ್ಬೇಕು ಅದನ್ನು."

"ಮತ್ತೆ?"

"ಕೋಲು ಹಿಡೀತೀರಾದ್ರೆ ನೋವಿರುವ ಕಾಲಿನ ಕಡೆ ಅಲ್ಲ, ಆಚೆ ಕೈಯಲ್ಲಿ. ಜ್ವರ ಬಂದು ಗಂಟು ಕೆಂಪಗೆ ಊದಿದ್ರೆ ಮಾತ್ರ ನನ್ನ ಹತ್ರ ಬರ್ಬೇಡಿ, ಆಸ್ಪತ್ರೆಗೆ ಓಡಿ."

"ಓಡ್ಲಿಕ್ಕೆ ಆಗಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?"

ಹುಡುಗಿ ನಕ್ಕಳು. "ಇನ್ನೊಂದು ಉಂಟು. ಕುರ್ಚಿಯಿಂದ ಕೈ ಊರದೆ ಏಳಿ, ಕೂತ್ಕೊಳ್ಳಿ. ದಿನಕ್ಕೆ ಹತ್ತು ಸಲ."

ನಾನು ಲೆಕ್ಕ ಹಾಕಿದೆ. ಅತಿಥಿಗಳ ಆಗಮನದಿಂದ ರಾಷ್ಟ್ರಗೀತೆಯವರೆಗೆ ಎಂಟು ಆಗಿದೆ, ಇನ್ನೆರಡು ಬಾಕಿ. ಆ ಶಿಬಿರದಲ್ಲಿ ಸಿಕ್ಕಿದ ಸರಿಯಾದ ಚಿಕಿತ್ಸೆಯನ್ನು ಆಯೋಜಕರು ತಮಗೆ ಗೊತ್ತಿಲ್ಲದೆಯೇ ಮೊದಲ ಒಂದು ಗಂಟೆಯಲ್ಲಿ ಕೊಟ್ಟು ಮುಗಿಸಿದ್ದರು. ಇನ್ನಿಬ್ಬರು ಅತಿಥಿಗಳನ್ನು ಕರೆದಿದ್ದರೆ ಕೋರ್ಸು ಪೂರ್ತಿಯಾಗುತ್ತಿತ್ತು.

ಅಷ್ಟರಲ್ಲಿ ಶೆಟ್ರೂ ಬಂದು ಕೂತರು. ತೂಕದ ಮಾತು ಬಂತು. ಮೈಭಾರ ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಗೂ ಗಂಟಿನ ಮೇಲೆ ಸುಮಾರು ನಾಲ್ಕು ಕಿಲೊ ಭಾರ ಇಳಿಯುತ್ತದೆ ಎಂದಳು ಹುಡುಗಿ. ಶೆಟ್ರು ಹತ್ತು ಕಿಲೊ ಜಾಸ್ತಿ ಇದ್ದಾರೆ. ಹತ್ತು ನಾಲ್ಕಲಿ ನಲವತ್ತು; ಹೆಚ್ಚುಕಡಿಮೆ ಒಂದು ಮುಡಿ ಅಕ್ಕಿ. "ಮುಡಿ ಹೊತ್ಕೊಂಡು ತಿರುಗ್ತಾ ಇದ್ದೇನಾ ನಾನು?" ಎಂದು ಅವರು ಗಂಭೀರರಾದರು. ಆಗಲೇ ಬಿಸಿ ಗೋಳಿಬಜೆ, ತುಪ್ಪ ಜಿನುಗುವ ಶೀರಾದ ತಟ್ಟೆ ಬಂತು. ಗಂಭೀರತೆ ತಟ್ಟೆ ಖಾಲಿಯಾಗುವವರೆಗೆ ಮುಂದೂಡಲ್ಪಟ್ಟಿತು.

"ಇಷ್ಟೇನಾ? ದುಡ್ಡೆಷ್ಟು?" ಎಂದು ಕೊನೆಗೆ ಕೇಳಿದರು.

"ದುಡ್ಡೆಂತದು ಅಂಕಲ್, ಬೈರಾಸು ಮನೇಲಿ ಉಂಟಲ್ಲ. ಮತ್ತೆ ದಿನಾ ನಡೀರಿ."

ಶೆಟ್ರ ಮುಖದ ಮೇಲೆ ಮೋಸಹೋದ ಕಳೆ. ದುಡ್ಡು ಕೊಡದ ಮದ್ದು ಮದ್ದಾಗುವುದುಂಟೇ? ಅವರು ಎದ್ದು ಗ್ರೀಸಿನ ಸಾಲಿಗೆ ಹೋಗಿ ನಿಂತರು.

ನಡೀಬೇಕಂತೆ. ಎಲ್ಲಿ? ಫುಟ್‌ಪಾತಿನ ಅಂಚು 150 ಮಿಲಿಮೀಟರ್ ದಾಟಬಾರದೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ನಮ್ಮ ಬೀದಿಯಲ್ಲಿ ಅದನ್ನು ಹತ್ತಲು ಪಕ್ಕದಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಹಿಡಿಯಬೇಕು. ಹತ್ತಿ ಇಪ್ಪತ್ತು ಹೆಜ್ಜೆ ಹೋದರೆ ಟ್ರಾನ್ಸ್‌ಫಾರ್ಮರ್. ಇಳಿದು, ಅದಕ್ಕೆ ಪ್ರದಕ್ಷಿಣೆ ಬಂದು, ಪುನಃ ಹತ್ತಿದರೆ ಕಾಲಡಿಯ ಚಪ್ಪಡಿ "ಗಡಕ್" ಎನ್ನುತ್ತದೆ, ಕೆಳಗಿನ ಚರಂಡಿಯಿಂದ ನೀರು ಚಿಮ್ಮುತ್ತದೆ. ಅದೂ ಬೇಡವೆಂದು ಬಸ್ಸಿಗೆ ಹೋದರೆ ಮೊದಲ ಮೆಟ್ಟಿಲೇ ಸೊಂಟದ ಹತ್ತಿರ. ಒಂದು ಕಾಲು ಮೇಲೆ, ಇನ್ನೊಂದು ಇನ್ನೂ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ನೆಲದ ಮೇಲೆ ಇರುವಾಗಲೇ ಕಂಡಕ್ಟರ್ "ರೈಟ್ ಪೋಯಿ!" ಎನ್ನುತ್ತಾನೆ. ಹಾಗಾಗಿ ನಮ್ಮವರು ಜಾಣರಾಗಿ, ನಡೆಯಲೆಂದು ಕದ್ರಿ ಪಾರ್ಕಿಗೆ ಕಾರಿನಲ್ಲಿ ಹೋಗುತ್ತಾರೆ. ಪಾರ್ಕಿಂಗ್ ಹುಡುಕುತ್ತಾ ಕಾರು ನಾಲ್ಕು ಸುತ್ತು, ಒಳಗೆ ತಾವು ಎರಡು ಸುತ್ತು, ಆಮೇಲೆ ಮಸಾಲೆ ದೋಸೆ. ಜೂನ್ ಬಂತೆಂದರೆ ಆ ಎರಡು ಸುತ್ತೂ ರದ್ದು, ಮಳೆ. ದೋಸೆ ಮಾತ್ರ ಮಳೆಗಾಲದಲ್ಲೂ ನಡೆಯುತ್ತದೆ.

ಶಿಬಿರದಿಂದ ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಯಿತು. ಸವೆದ ಗಂಟಿಗೆ ಇಳಿಜಾರೇ ವೈರಿ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಹುಡುಗಿ ಹೇಳಿಕೊಟ್ಟಿದ್ದಳು. "ಎರಡೂ ನೋವಿನದ್ದಾದ್ರೆ?" ಎಂದು ಬ್ಯಾರಿ ಸಾಹೇಬ್ರು ಕೇಳಿದರು. ಕೆಳಗೆ ಗಣ್ಯರ ಲಿಫ್ಟು ಖಾಲಿ ನಿಂತಿತ್ತು, ಕುರ್ಚಿ ಅಡ್ಡ ಇಟ್ಟುಕೊಂಡು.

ಎರಡು ತಿಂಗಳು ಕಳೆದಿದೆ. ಶೆಟ್ರ ಗ್ರೀಸು ಒಂದು ಸುತ್ತು ಮುಗಿದು ಎರಡನೆಯದಕ್ಕೆ ಮಾತುಕತೆ ನಡೆಯುತ್ತಿದೆ. ಗ್ರೇಸಿ ಬಾಯಿ ಅಂದು ಕೊನೇ ಮಳಿಗೆಯಲ್ಲಿ 32 ಗಿಡಮೂಲಿಕೆಗಳದ್ದೆಂಬ ತೈಲದ ಬಾಟಲಿ ಕೊಂಡಿದ್ದರು. ಹಚ್ಚಿದ ಎಣ್ಣೆ ಹೀರುವವರೆಗೆ ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಆ ಹೊತ್ತಿಗೆ ಬೈರಾಸು ಒತ್ತುವುದು, ಕುರ್ಚಿಯಿಂದ ಎದ್ದು ಕೂರುವುದು ಅಂತ ದಿನಕ್ಕೆರಡು ಸಲ ಮಾಡುತ್ತಾ ಬಂದರು. ಕಳೆದ ಭಾನುವಾರ ಅವರು ಇಗರ್ಜಿಯಲ್ಲಿ ಬೆಂಚಿನ ಹಲಗೆ ಹಿಡಿದು ಮೊಣಕಾಲೂರಿದರಂತೆ.

"ಎಣ್ಣೆ ಭಾರೀ ಒಳ್ಳೇದು ಮಾರಾಯ್ರೇ" ಎಂದು ಅವರು ಮೆಟ್ಟಿಲ ಬಳಿ ನಿಂತು ಎಲ್ಲರಿಗೂ ಹೇಳುತ್ತಿದ್ದಾರೆ. ನಮ್ಮ ಫ್ಲ್ಯಾಟಿನ ಹನ್ನೊಂದು ಮನೆಯವರು ಈಗ ಆ ಎಣ್ಣೆ ತರಿಸಿದ್ದಾರೆ. ಬೈರಾಸಿನ ಸಂಗತಿ ಯಾರೂ ಕೇಳಲಿಲ್ಲ. ನನ್ನ ಬಾಟಲಿ ನಿನ್ನೆ ಬಂತು.