ದಣಿವು ಕಳೆಯಲು ಭಾನುವಾರ ಹಾಜರಿ ಕಡ್ಡಾಯ

ನಾವು ದಣಿದಿದ್ದೇವೆ ಅಂತ ನಮ್ಮ ಸ್ವಯಂಸೇವಾ ಸಂಸ್ಥೆಗೆ ಕೊನೆಗೂ ಗೊತ್ತಾಯಿತು. ಗೊತ್ತಾದ ಕೂಡಲೇ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಯಾಗಾರ ಇಟ್ಟರು. ಹಾಜರಿ ಕಡ್ಡಾಯ. ಹಳ್ಳಿಗಳಲ್ಲಿರುವ ನಾವು ನಸುಕಿನ ಐದರ ಬಸ್ಸು ಹಿಡಿದು ಯಾದಗಿರಿಗೆ ಬಂದೆವು.

ಮೊದಲು ಫಾರ್ಮ್ ಕೊಟ್ಟರು. ಒತ್ತಡಕ್ಕೆ ಒಂದರಿಂದ ಐದರೊಳಗೆ ಅಂಕ ಹಾಕಬೇಕು. ಅಕೌಂಟ್ಸ್ ನೋಡುವ ಅಕ್ಕ ಆರು ಬರೆದರು. ಆರಕ್ಕೆ ಕಾಲಂ ಇಲ್ಲ ಅಂತ ವಾಪಸ್ ಬಂತು.

ಅಕ್ಕನಿಗೆ ಮೂರು ತಿಂಗಳಿಂದ ಪಗಾರ ಇಲ್ಲ. ಇದರಲ್ಲಿ ಯಾರದೂ ತಪ್ಪಿಲ್ಲ, ಲೆಕ್ಕದ ಕಾಲಂ ಹಾಗಿದೆ ಅಷ್ಟೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಮೊದಲು ಶೇ 50ರವರೆಗೆ ಬಳಸಬಹುದಿತ್ತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಅದನ್ನು ಶೇ 20ಕ್ಕೆ ಇಳಿಸಿತು. (ನಮ್ಮ ಹಳ್ಳಿಗೆ ಬರುವ ವಿದೇಶಿ ದುಡ್ಡು ಈಗ ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೆ ಹೋಗಿ ಕೈಮುಗಿದು ಬರಬೇಕು. ಅದಕ್ಕೂ ದಣಿವಾಗುತ್ತೆ, ಪಾಪ.) ಅಕ್ಕನ ಪಗಾರ, ಆಫೀಸಿನ ಬಾಡಿಗೆ, ಕರೆಂಟ್ ಬಿಲ್ ಎಲ್ಲ ಆಡಳಿತ. ಕಾರ್ಯಾಗಾರ ಮಾತ್ರ ತರಬೇತಿ, ಅಂದರೆ ಕಾರ್ಯಕ್ರಮ. ಹಾಗಾಗಿ ಪಗಾರವಿಲ್ಲದೆ ಸೊರಗಿದ ಅಕ್ಕನಿಗೆ ಪಗಾರ ಕೊಡಲು ಬರುವುದಿಲ್ಲ, ಸೊರಗಿದ್ದಕ್ಕೆ ತರಬೇತಿ ಕೊಡಬಹುದು.

ತರಬೇತಿಯ ಮೇಡಂ ಮೊದಲ ಸ್ಲೈಡ್ ಹಾಕಿದರು. ಬರ್ನ್‌ಔಟ್, ಅಂದರೆ ಕೆಲಸದಿಂದ ಪೂರ್ತಿ ಬಸವಳಿಯುವುದು, ಕಾಯಿಲೆಯಲ್ಲ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆಯಂತೆ. ಭೇಷ್ ಅಂದುಕೊಂಡೆವು. ಎರಡನೇ ಸ್ಲೈಡ್ ಬಂತು: ಮೂಗಿನಿಂದ ಉಸಿರು ಎಳೆದುಕೊಳ್ಳಿ. ಕೆಟ್ಟಿದ್ದು ಕೆಲಸದ ಜಾಗ, ರಿಪೇರಿ ನಮ್ಮ ಮೂಗಿಗೆ.

ಕಣ್ಣು ಮುಚ್ಚಿ ಕೂತೆವು. ಫೋಟೋ ತೆಗೆಯುವ ಹುಡುಗ, ‘ಜಿಪಿಎಸ್ ಬರ್ಲಿಲ್ಲ, ಇನ್ನೊಂದ್ಸಲ ನೆಮ್ಮದಿಯಾಗಿ ಕೂತ್ಕೊಳ್ರೀ’ ಅಂದ. ಕೂತೆವು. ಅಷ್ಟರಲ್ಲಿ ಹದಿನಾಲ್ಕು ಫೋನು ಒಟ್ಟಿಗೆ ಟಿಂಗ್ ಅಂದವು. ‘ಫಲಾನುಭವಿಗಳ ಪಟ್ಟಿ ಸಂಜೆ ಆರರೊಳಗೆ ಬೇಕು. ಅರ್ಜೆಂಟ್.’ ಕಳಿಸಿದವರು ನಿರ್ದೇಶಕರು. ಅವರು ಹಿಂದಿನ ಸಾಲಿನಲ್ಲೇ ಧ್ಯಾನಕ್ಕೆ ಕೂತಿದ್ದರು, ಒಂದು ಕಣ್ಣು ತೆರೆದುಕೊಂಡು.

ಊಟವಾದ ಮೇಲೆ ಮತ್ತೆ ಅದೇ ಫಾರ್ಮ್. ಒತ್ತಡ ಶೇ 40 ಇಳಿಯುತ್ತದೆ ಅಂತ ದಾನಿಗಳಿಗೆ ಮೊದಲೇ ಬರೆದುಕೊಟ್ಟಾಗಿತ್ತು. ‘ಅಕ್ಕಾ, ಐದಿದ್ದದ್ದು ಮೂರು ಮಾಡ್ರೀ’ ಅಂದರು. ಅಕ್ಕ ಎರಡು ಮಾಡಿದರು. ನಾಳೆ ಆಡಿಟ್ ಇದೆ, ಬೇಗ ಹೋಗಬೇಕಿತ್ತು.

ವಾಪಸ್ ಹೋಗುವಾಗ ಮೇಡಂ ನಮ್ಮ ಜೀಪಿನಲ್ಲೇ ರೈಲು ನಿಲ್ದಾಣಕ್ಕೆ ಬಂದರು. ಹತ್ತಿದವರೇ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ನಿಲ್ದಾಣದಲ್ಲಿ ಡ್ರೈವರ್ ಎಬ್ಬಿಸಬೇಕಾಯಿತು.

‘ಭಾಳ ದಣಿದೀರಲ್ರೀ ಮೇಡಂ?’

‘ಈ ವಾರದಲ್ಲಿ ಇದು ಐದನೇದು. ಮಾರ್ಚ್ ಕೊನೆ ಅಲ್ವಾ, ಎಲ್ರಿಗೂ ದಣಿವಿನ ದುಡ್ಡು ಖರ್ಚು ಮಾಡ್ಬೇಕು’ ಅಂದರು. ಆಮೇಲೆ ಬ್ಯಾಗಿನಿಂದ ಒಂದು ಫಾರ್ಮ್ ತೆಗೆದರು. ನನ್ನ ಸಹಿ ಒಂದು ಬಿಟ್ಟುಹೋಗಿತ್ತು.